ಸ್ಪಾರ್ಕ್ ಪ್ಲಗ್ ಆಯ್ಕೆಗೆ ಬೆಲೆಯೇ ಅಳತೆಯಲ್ಲ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಾಹನ ಅಂಕಣದಲ್ಲಿ, ಎಂಜಿನ್‌ನೊಳಗೆ ಕಿಡಿ ಹಾರಿಸಿ ಇಂಧನ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಕುರಿತು ಪ್ರಕಟವಾದ ಲೇಖನ ಹಲವು ಕಡೆ ಉಪಯುಕ್ತವಾಗಿದ್ದರೂ, ತುದಿಗೆ ಇರಿಡಿಯಂ ಲೋಹವಿರುವ ದುಬಾರಿ ಪ್ಲಗ್ ಹಾಕಿಸಿದರೆ ಯಾವುದೇ ಕಾರಿನ ಶಕ್ತಿಯೂ ಮೈಲೇಜೂ ಹೆಚ್ಚುತ್ತವೆ ಎಂಬ ಅದರ ಸಲಹೆ ಓದುಗರ ದಾರಿ ತಪ್ಪಿಸುವಂತಿದೆ. ಬಹಳ ವರ್ಷಗಳಿಂದ ನನ್ನ ಕಾರಿನ ಪ್ಲಗ್‌ಗಳನ್ನು ನಾನೇ ಬದಲಿಸುತ್ತ ಬಂದವನಾಗಿ ಕೆಲವು ಮಾತು ಸೇರಿಸಬಯಸುತ್ತೇನೆ.

ಇರಿಡಿಯಂನ ಹೆಚ್ಚುಗಾರಿಕೆ ಇರುವುದು ಬಾಳಿಕೆಯಲ್ಲಿ. ಸಾಮಾನ್ಯ ಪ್ಲಗ್‌ಗಳ ತುದಿಯಲ್ಲಿರುವ ನಿಕಲ್ 1,455 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಇರಿಡಿಯಂ ಕರಗಲು ಸುಮಾರು 2,450 ಡಿಗ್ರಿ ಬೇಕು. ಆದ್ದರಿಂದಲೇ ಅದರ ತುದಿಯನ್ನು ಸೂಜಿಯಷ್ಟು ಸಣ್ಣಗೆ ಮಾಡಿದರೂ ಬೇಗ ಸವೆಯುವುದಿಲ್ಲ. ತುದಿ ಸಣ್ಣಗಿದ್ದಷ್ಟೂ ಕಿಡಿ ಹಾರಲು ಬೇಕಾಗುವ ವೋಲ್ಟೇಜ್ ಕಡಿಮೆ. ನಿಕಲ್ ಪ್ಲಗ್‌ಗಳನ್ನು ಸಾಮಾನ್ಯವಾಗಿ 30,000 ಕಿ.ಮೀ. ಆಸುಪಾಸಿನಲ್ಲಿ ಬದಲಿಸಬೇಕಾದರೆ, ಇರಿಡಿಯಂ ಪ್ಲಗ್‌ಗಳು ಅನೇಕ ಕಾರುಗಳಲ್ಲಿ 1,00,000 ಕಿ.ಮೀ.ವರೆಗೂ ಬರುತ್ತವೆ. ಸವೆದ ಪ್ಲಗ್ ತೆಗೆದು ಹೊಸದು ಹಾಕಿದಾಗ ಕಾರಿಗೆ ಬರುವ ಚುರುಕು ಹೊಸ ಪ್ಲಗ್‌ನದು, ಲೋಹದ್ದಲ್ಲ. ಹೊಸ ನಿಕಲ್ ಪ್ಲಗ್ ಹಾಕಿದ್ದರೂ ಅದೇ ಅನುಭವವಾಗುತ್ತಿತ್ತು. ಹಾಗೆಂದು ತಯಾರಕರೇ ಇರಿಡಿಯಂ ಸೂಚಿಸಿರುವ ಎಂಜಿನ್‌ಗೆ ನಿಕಲ್ ಹಾಕಿ ಹಣ ಉಳಿಸುವುದೂ ಜಾಣತನವಲ್ಲ, ಅದರಲ್ಲೂ ಹಿಂದಿನ ಸಾಲಿನ ಪ್ಲಗ್ ತಲುಪಲು ಎಂಜಿನ್‌ಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡನ್ನೇ ಬಿಚ್ಚಬೇಕಾದ ಕಾರುಗಳಲ್ಲಿ.

ಲೋಹಕ್ಕಿಂತ ಮುಖ್ಯವಾದ ‘ಹೀಟ್ ರೇಂಜ್’ ಬಗ್ಗೆ ಲೇಖನ ಒಂದು ಸಾಲನ್ನೂ ಬರೆದಿಲ್ಲ. ಇದು ಕಿಡಿಯ ಬಿಸಿಯಲ್ಲ. ಪ್ಲಗ್ ತನ್ನ ತುದಿಯ ಶಾಖವನ್ನು ಎಷ್ಟು ಬೇಗ ತಾನು ಕೂತಿರುವ ಸಿಲಿಂಡರ್ ಹೆಡ್‌ಗೆ (ಎಂಜಿನ್‌ನ ಮೇಲ್ಭಾಗಕ್ಕೆ) ದಾಟಿಸುತ್ತದೆ ಎಂಬುದರ ಅಳತೆ. ಒಳಗಿನ ಪಿಂಗಾಣಿಯ ಮೂತಿ ಉದ್ದವಾಗಿದ್ದರೆ ಶಾಖ ನಿಧಾನವಾಗಿ ಇಳಿಯುತ್ತದೆ, ಅದು ‘ಬಿಸಿ’ ಪ್ಲಗ್; ಗಿಡ್ಡವಾಗಿದ್ದರೆ ‘ತಣ್ಣನೆಯ’ ಪ್ಲಗ್. ತುದಿ 450ರಿಂದ 500 ಡಿಗ್ರಿಯನ್ನಾದರೂ ಮುಟ್ಟದಿದ್ದರೆ ಅದರ ಮೇಲಿನ ಮಸಿ ಸುಟ್ಟುಹೋಗುವುದಿಲ್ಲ. ಅತಿಯಾಗಿ ಕಾದರೆ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನಿಗೇ ಕುತ್ತು ಬರಬಹುದು.

ತೊಡಕಿರುವುದು ಹೀಟ್ ರೇಂಜ್ ಸೂಚಿಸುವ ಅಂಕಿಗಳಲ್ಲಿ. ಎನ್‌ಜಿಕೆ ಮತ್ತು ಡೆನ್ಸೊ ಕಂಪನಿಗಳ ಪ್ಲಗ್‌ಗಳಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಣ್ಣನೆಯದು. ಬಾಷ್ ಮತ್ತು ಚಾಂಪಿಯನ್ ಪ್ಲಗ್‌ಗಳಲ್ಲಿ ಏರಿದಷ್ಟೂ ಬಿಸಿಯದು. ಎನ್‌ಜಿಕೆಯ 6 ಎಂದರೆ ಡೆನ್ಸೊದ 20, ಬಾಷ್‌ನ ಸುಮಾರು 7. ಒಮ್ಮೆ ಮೂಲ ಪ್ಲಗ್ ಸಿಗದೆ, ಮರೆಯ (ತಿರುಪಿನ ಸುರುಳಿ ಗೆರೆಗಳ) ಅಳತೆಯೂ 5 ಎಂಬ ಅಂಕಿಯೂ ಒಂದೇ ಎಂದು ಬೇರೆ ಕಂಪನಿಯದನ್ನು ತಂದು ಹಾಕಿದ ತಪ್ಪು ನನ್ನದೇ. ಬೇಕಾದದ್ದಕ್ಕಿಂತ ಬಹಳ ತಣ್ಣನೆಯ ಆ ಪ್ಲಗ್‌ಗಳು ಊರೊಳಗಿನ ಓಡಾಟದಲ್ಲಿ ಎರಡೇ ತಿಂಗಳಿಗೆ ಮಸಿ ಹಿಡಿದು, ಬೆಳಗಿನ ಹೊತ್ತು ಎಂಜಿನ್ ತಿಣುಕಾಡುತ್ತಿತ್ತು. ಕಾರಿನ ಕೈಪಿಡಿಯಲ್ಲಿರುವ ಪೂರ್ತಿ ಸಂಖ್ಯೆಯನ್ನು ಕಂಪನಿಯ ಹೋಲಿಕೆ ಪಟ್ಟಿಯಲ್ಲಿ ನೋಡದೆ ನಾನೀಗ ಪ್ಲಗ್ ಕೊಳ್ಳುವುದಿಲ್ಲ.

ಗ್ಯಾಪ್, ಅಂದರೆ ಕಿಡಿ ಹಾರುವ ಸಂದಿನ ವಿಷಯದಲ್ಲಿ ಲೇಖನ ಹೇಳಿರುವುದು ಸರಿಯೇ, ಆದರೆ ಆ ಸಂದನ್ನು ಅಳೆಯುವ ನಾಣ್ಯದಂಥ ಗೇಜನ್ನು ಇರಿಡಿಯಂ ತುದಿಗೆ ತುರುಕಿದರೆ ಅದು ಮುರಿಯುತ್ತದೆ ಎಂಬ ಎಚ್ಚರಿಕೆ ಬೇಕಿತ್ತು. ಬಿಚ್ಚುವ ಮೊದಲು ಎಂಜಿನ್ ತಣಿದಿರಬೇಕು, ಪ್ಲಗ್ ಕೂತಿರುವ ಕುಳಿಯ ದೂಳನ್ನು ಗಾಳಿಯಿಂದ ಊದಿ ತೆಗೆದಿರಬೇಕು. ಹೊಸ ಪ್ಲಗ್‌ನ ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಬೇಕು. ನಾನು ಪ್ಲಗ್‌ನ ತಲೆಗೆ ರಬ್ಬರ್ ಕೊಳವೆಯ ತುಂಡು ಸಿಕ್ಕಿಸಿ ತಿರುಗಿಸುತ್ತೇನೆ, ಮರೆ ಅಡ್ಡ ಹತ್ತಿದರೆ ಕೊಳವೆ ಜಾರಿ ಅಲ್ಲಿಯೇ ಗೊತ್ತಾಗುತ್ತದೆ. ಅಲ್ಯುಮಿನಿಯಂ ಹೆಡ್‌ನ ಮರೆ ಒಮ್ಮೆ ಕೆಟ್ಟರೆ ಅದರ ರಿಪೇರಿಯ ಮುಂದೆ ಪ್ಲಗ್‌ಗಳ ಬೆಲೆ ಏನೇನೂ ಅಲ್ಲ. ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಇಲ್ಲದವರು, ವಾಷರ್ ಇರುವ ಹೊಸ ಪ್ಲಗ್ ಕೂತ ಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು ಬಿಗಿದರೆ ಸಾಕು. ಲೇಪನವಿರುವ ಮರೆಗೆ ಗ್ರೀಸ್ ಹಚ್ಚಬಾರದು. ಹಚ್ಚಿದರೆ ಜಾರುತ್ತ ಹೋಗಿ ಅಳತೆ ಮೀರಿ ಬಿಗಿದುಕೊಳ್ಳುತ್ತದೆ.

ಕೊನೆಯದಾಗಿ, ಲೇಖನ ‘ಎಲ್ಲ ಕಾರು ಮಾಲೀಕರಿಗೂ’ ಎಂದು ಆರಂಭವಾಗುತ್ತದೆ. ಡೀಸೆಲ್ ಕಾರುಗಳಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ, ಅಲ್ಲಿರುವುದು ಗ್ಲೋ ಪ್ಲಗ್. ಅದರ ಕೆಲಸವೇ ಬೇರೆ: ಎಂಜಿನ್ ತಣ್ಣಗಿದ್ದಾಗ ಶುರುವಾಗಲೆಂದು ಒಳಭಾಗವನ್ನು ಕಾಯಿಸುವುದು. ಈ ತಿದ್ದುಪಡಿಯನ್ನೂ, ಸಾಧ್ಯವಾದರೆ ಕಂಪನಿಗಳ ಹೀಟ್ ರೇಂಜ್ ಹೋಲಿಕೆಯ ಪುಟ್ಟ ಪಟ್ಟಿಯೊಂದನ್ನೂ ಅದೇ ಅಂಕಣದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗ