ಪೊಟ್ಟಣದ ಹಿಂದಿನ ಪದ್ಯ

ಫ್ರೀಮಾಂಟ್, ಭಾನುವಾರ

ಪ್ರೀತಿಯ ಅಮ್ಮ,

ನಾವೆಲ್ಲ ಕ್ಷೇಮ. ಹುಣಸೆಹಣ್ಣು, ಸಾರಿನ ಪುಡಿ ಬಂದು ತಲುಪಿತು. ಪುಡಿ ಕಟ್ಟಿದ್ದ ಕ್ಯಾಲೆಂಡರ್ ಹಾಳೆ ಬಿಡಿಸಿದರೆ ಹಿಂದೆ ನಿನ್ನ ಅಕ್ಷರ. ನುಗ್ಗೆ ಮರದ ಮೇಲೆ ಆರು ಸಾಲು ಪದ್ಯ. ಅದನ್ನ ಪೊಟ್ಟಣಕ್ಕೆ ಹಾಕಿದ್ದೀಯಲ್ಲಮ್ಮ!

ನಿನ್ನ ಮೇಲೆ ಸಿಟ್ಟು ಬಂತು. ಹಿಂದೆಯೇ ಕೇ ರಯಾನ್ ನೆನಪಾದರು. ಇಲ್ಲಿನ, ಅಮೆರಿಕದ ಕವಯಿತ್ರಿ. ಈ ವಾರ ಲೈಬ್ರರಿಯಿಂದ ತಂದ ಪುಸ್ತಕ ಅವರದ್ದೇ. 1945ರಲ್ಲಿ ನಮ್ಮ ಪಕ್ಕದ ಸ್ಯಾನ್ ಹೋಸೆಯಲ್ಲಿ ಹುಟ್ಟಿದವರು. ಅವರಪ್ಪ ಎಣ್ಣೆ ಬಾವಿ ಕೊರೆಯೋ ಕೆಲಸ ಮಾಡ್ತಿದ್ದರು. ಓದುವಾಗ ಯೂನಿವರ್ಸಿಟಿಯ ಕಾವ್ಯ ಕ್ಲಬ್ಬು ಇವರನ್ನ ಸೇರಿಸಿಕೊಳ್ಳಲಿಲ್ಲವಂತೆ, ಒಂಟಿ ಸ್ವಭಾವ ಅಂತ.

ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಮರಿನ್ ಕಡೆಯ ಕಮ್ಯುನಿಟಿ ಕಾಲೇಜಿನಲ್ಲಿ ಪಾಠ. ಕಾವ್ಯಪಾಠ ಅಲ್ಲ, ಇಂಗ್ಲಿಷ್‌ನಲ್ಲಿ ಹಿಂದೆ ಬಿದ್ದವರಿಗೆ ನೆಟ್ಟಗೆ ವಾಕ್ಯ ಬರೆಯೋದನ್ನ ಕಲಿಸೋ ಕೆಲಸ. ನೀನು ವರ್ಷಗಟ್ಟಲೆ ಒತ್ತಕ್ಷರ ತಿದ್ದಿಸಿದ ಹಾಗೆಯೇ.

1976ರಲ್ಲಿ ಸೈಕಲ್ ಹತ್ತಿ ಅಮೆರಿಕ ದಾಟಿದರು. ನಾಲ್ಕು ಸಾವಿರ ಮೈಲಿ! ಕವಿಯಾಗಲೋ ಬೇಡವೋ ಅನ್ನೋ ಗೊಂದಲ ತಲೆಯಲ್ಲಿತ್ತು. ಬೆಟ್ಟದ ದಾರಿಯಲ್ಲಿ ತನ್ನನ್ನೇ ಕೇಳಿಕೊಂಡದ್ದು ಇಷ್ಟೇ: ಬರೆಯೋದು ನಿನಗೆ ಇಷ್ಟವಾ? ಹೌದು ಅನ್ನಿಸಿತು, ಮುಗೀತು. ಚೆನ್ನಾಗಿ ಬರೀತೀಯಾ ಅಂತ ಕೇಳಿಕೊಳ್ಳಲೇ ಇಲ್ಲ ನೋಡು. ಅಭ್ಯಾಸಕ್ಕೆ ಭವಿಷ್ಯ ಹೇಳೋ ಟ್ಯಾರೋ ಕಾರ್ಡುಗಳಲ್ಲಿ ದಿನಕ್ಕೊಂದು ತೆಗೆದು, ಬಂದ ಕಾರ್ಡಿನ ಮೇಲೆ ಪದ್ಯ ಬರೆದರಂತೆ. ನಮ್ಮ ಗಿಳಿಶಾಸ್ತ್ರದ ಹಾಗೆ, ಗಿಳಿ ಮಾತ್ರ ಇಲ್ಲ.

1983ರಲ್ಲಿ ಸ್ನೇಹಿತರು ದುಡ್ಡು ಹಾಕಿ ಮೊದಲ ಪುಸ್ತಕ ತಂದರು. ಯಾರೂ ಗಮನಿಸಲಿಲ್ಲ. ಹೆಸರು ಬಂದದ್ದು ಐವತ್ತರ ಆಚೆಗೆ. 2008ರಲ್ಲಿ ದೇಶದ ಆಸ್ಥಾನಕವಿ, 2011ರಲ್ಲಿ ‘ದಿ ಬೆಸ್ಟ್ ಆಫ್ ಇಟ್’ ಅನ್ನೋ ಕವನ ಸಂಕಲನಕ್ಕೆ ಪುಲಿಟ್ಜರ್ ಬಹುಮಾನ. ನಡುವೆ, 2009ರ ಜನವರಿಯಲ್ಲಿ, ಮೂವತ್ತು ವರ್ಷದ ಸಂಗಾತಿ ಕ್ಯಾರಲ್ ಅಡೇರ್ ಕ್ಯಾನ್ಸರ್‌ನಿಂದ ಹೋಗಿಬಿಟ್ಟರು. ಆ ಬಹುಮಾನಗಳ ಸಾಲನ್ನ ಓದುವಾಗ ನನಗೆ ಇದೇ ಅಡ್ಡ ಬರುತ್ತೆ.

ಪದ್ಯಗಳು ಪುಟ್ಟವು. ಸಾಲಿಗೆ ಮೂರು ನಾಲ್ಕು ಪದ. ಪುಟದ ನಡುವೆ ಹಾಲಿನವನ ಲೆಕ್ಕದ ಹಾಗೆ ಸಪೂರವಾಗಿ ಇಳೀತವೆ. ನಮ್ಮಲ್ಲಿ ಆದಿಪ್ರಾಸ ಸಾಲಿನ ಶುರುವಿಗೆ, ಅಂತ್ಯಪ್ರಾಸ ಕೊನೆಗೆ, ಅಲ್ವಾ? ಇವರದ್ದು ಎಲ್ಲೋ ಮಧ್ಯದಲ್ಲಿ ಅಡಗಿರುತ್ತೆ. ಕಣ್ಣಿಗೆ ಬೀಳಲ್ಲ. ಜೋರಾಗಿ ಓದಿದರೆ ಟಕ್ ಅಂತ ಕಿವಿಗೆ ತಗಲುತ್ತೆ. ಒಂದು ಪದ್ಯದಲ್ಲಿ ಆಮೆ ಬರುತ್ತೆ. ಅದು ದೋಣಿಯ ಹಾಗೆ ನಾಲ್ಕು ಹುಟ್ಟುಗೋಲು ಇರೋ ಹೆಲ್ಮೆಟ್ಟಂತೆ! ಓದಿ ನಕ್ಕೆ. ಆಮೇಲೆ ಪಾಪ ಅನ್ನಿಸಿತು. ಕೆಲವು ಪದ್ಯ ನನಗೆ ಸ್ವಲ್ಪ ಜಾಸ್ತಿಯೇ ಜಾಣತನದ್ದು ಅನ್ನಿಸಿತು, ಅದು ಬೇರೆ ಮಾತು.

ಅಪ್ಪನಿಗೆ ಬಿಪಿ ಮಾತ್ರೆ ತಪ್ಪಿಸಬೇಡ ಅನ್ನು. ನಿನ್ನ ಹಾಳೆಯನ್ನ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೀನಿ. ಮೊಮ್ಮಗಳು ಅಕ್ಷರ ಕೂಡಿಸಿ ಓದಿದಳು. ಐದನೇ ಸಾಲಿನ ಮೇಲೆ ಸಾರಿನ ಪುಡಿಯ ಕೆಂಪು ಕಲೆ ಕೂತಿದೆ. ‘ಹೂವು’ ಅನ್ನೋವರೆಗೆ ಕಾಣುತ್ತೆ, ಮುಂದಿನದು ಗೊತ್ತಾಗ್ತಿಲ್ಲ. ಆ ಸಾಲು ಏನು ಅಂತ ಬರೆದು ಕಳಿಸು.

ನಿನ್ನ ಮಗಳು,
ಸುಮಾ