ಅಬೈಡ್ ವಿತ್ ಮಿ ಬರೆದ ಪಾದ್ರಿ ಬಗ್ಗೆಯೂ ನಾಲ್ಕು ಸಾಲು ಹಾಕಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಜನವರಿ ಕೊನೇ ವಾರ ಬಂತು ಅಂದ್ರೆ ಗಣರಾಜ್ಯೋತ್ಸವ ಮುಗಿಸೋಕೆ ದೆಹಲಿಯಲ್ಲಿ ಸೇನಾ ಬ್ಯಾಂಡುಗಳು ನಡೆಸೋ ಬೀಟಿಂಗ್ ರಿಟ್ರೀಟ್‌ನಿಂದ ಅಬೈಡ್ ವಿತ್ ಮಿ ಅನ್ನೋ ಇಂಗ್ಲಿಷ್ ಕ್ರೈಸ್ತ ಭಕ್ತಿಗೀತೆಯನ್ನ ಕೈಬಿಟ್ಟಿದ್ದು ಸರಿನಾ ತಪ್ಪಾ ಅಂತ ಮತ್ತೆ ಚರ್ಚೆ ಶುರುವಾಗುತ್ತೆ, ಆಗಲಿ, ಆದ್ರೆ ಆ ಚರ್ಚೆಯಲ್ಲಿ ಒಂದು ಮಾತು ಪದೇ ಪದೇ ಬರುತ್ತೆ, ಅದು ಬ್ರಿಟಿಷರ ಮಿಲಿಟರಿ ಹಾಡು, ನಮ್ಮನ್ನ ಆಳಿದೋರು ಬಿಟ್ಟುಹೋಗಿದ್ದು ಅಂತ. ಇದನ್ನ ಓದಿದಾಗೆಲ್ಲ ನನಗೆ ಸಂಕಟ ಆಗುತ್ತೆ. ಅದನ್ನ ಬರೆದ ಹೆನ್ರಿ ಫ್ರಾನ್ಸಿಸ್ ಲೈಟ್ ಯಾರನ್ನೂ ಆಳಿದೋರಲ್ಲ. ಮೀನುಗಾರರ ಊರಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಪಾದ್ರಿಯಾಗಿದ್ದು, ಕೆಮ್ಮಿ ಕೆಮ್ಮಿ ಸವೆದು, ಪರದೇಶದಲ್ಲಿ ಪ್ರಾಣ ಬಿಟ್ಟ ಮನುಷ್ಯ. ಅವರ ಬಗ್ಗೆ ನಮ್ಮ ಕನ್ನಡ ಪೇಪರ್‌ಗಳಲ್ಲಿ ಒಂದು ಒಳ್ಳೆ ಲೇಖನ ಬಂದಿದ್ದು ನಾನಂತೂ ನೋಡಿಲ್ಲ, ಅದಕ್ಕೇ ಈ ಪತ್ರ.

ಲೈಟ್ ಹುಟ್ಟಿದ್ದು 1793ರಲ್ಲಿ, ಸ್ಕಾಟ್ಲೆಂಡಿನ ಕೆಲ್ಸೋ ಪಕ್ಕದ ಎಡ್ನಮ್ ಅನ್ನೋ ಹಳ್ಳೀಲಿ. ಅಪ್ಪನಿಗೆ ಸಂಸಾರ ಬೇಕಿರಲಿಲ್ಲ. ಮಕ್ಕಳನ್ನ ಐರ್ಲೆಂಡಿನ ಎನಿಸ್ಕಿಲನ್‌ನಲ್ಲಿದ್ದ ಪೋರ್ಟೋರಾ ಶಾಲೆಗೆ ಸೇರಿಸಿ ಕೈತೊಳ್ಕೊಂಡ, ಆಮೇಲೆ ಮಗನಿಗೆ ಬರೆದ ಕಾಗದಗಳಲ್ಲಿ ಅಪ್ಪ ಅಂತ ಸಹಿ ಹಾಕದೆ ಚಿಕ್ಕಪ್ಪ ಅಂತ ಹಾಕ್ತಿದ್ದ. ಇದನ್ನ ಮೊದಲ ಸಲ ಓದಿದಾಗ ನನಗೆ ಮುಂದಕ್ಕೆ ಓದೋಕೇ ಆಗಲಿಲ್ಲ. ತಾಯಿಯೂ ತೀರಿಕೊಂಡ್ರು. ಹುಡುಗನ ಕೈ ಹಿಡಿದಿದ್ದು ಆ ಶಾಲೆಯ ಹೆಡ್‌ಮಾಸ್ಟರ್ ರಾಬರ್ಟ್ ಬರೋಸ್, ಫೀಸನ್ನೂ ತಾವೇ ಕಟ್ಟಿ, ರಜೆ ಬಂದಾಗ ಮನೆಗೆ ಕರ್ಕೊಂಡು ಹೋಗಿ ಸ್ವಂತ ಮಕ್ಕಳ ಜೊತೆ ಇಟ್ಕೊಂಡ್ರು. ಆ ಮೇಷ್ಟ್ರು ಇಲ್ದಿದ್ರೆ ಲೈಟ್ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮುಖ ನೋಡ್ತಿರಲಿಲ್ಲ. ಅಲ್ಲಿ ಇಂಗ್ಲಿಷ್ ಕವಿತೆಗೆ ಮೂರು ಸಲ ಬಹುಮಾನ ತಗೊಂಡ್ರು, 1815ರಲ್ಲಿ ಪಾದ್ರಿ ದೀಕ್ಷೆ ತಗೊಂಡು ವೆಕ್ಸ್‌ಫರ್ಡ್ ಹತ್ರದ ಟ್ಯಾಗ್ಮನ್ ಅನ್ನೋ ಊರಿಗೆ ಸಹಾಯಕ ಪಾದ್ರಿಯಾಗಿ ಹೋದ್ರು. ಅಲ್ಲಿ ಪಕ್ಕದೂರಿನ ಪಾದ್ರಿಯೊಬ್ಬರು ಸಾಯೋ ಹಂತದಲ್ಲಿದ್ದಾಗ ಇವರನ್ನ ಕರೆಸಿಕೊಂಡ್ರು, ಇಬ್ರೂ ಕೂತು ಬೈಬಲಿನಲ್ಲಿರೋ ಪೌಲನ ಪತ್ರಗಳನ್ನ ಓದ್ತಾ ಓದ್ತಾ ಸಾವಿನ ಮುಂದೆ ತಾವು ಇಷ್ಟು ದಿನ ಹೇಳ್ಕೊಂಡು ಬಂದ ಬೋಧನೆಯಲ್ಲಿ ಜೀವಾನೇ ಇರಲಿಲ್ಲ ಅಂತ ಇಬ್ಬರಿಗೂ ಅನ್ನಿಸ್ತು. ನನ್ನ ಪ್ರಕಾರ ಲೈಟ್ ನಿಜವಾಗ್ಲೂ ಪಾದ್ರಿ ಆಗಿದ್ದು ಆ ಕಾಯಿಲೆಯವರ ಮಂಚದ ಪಕ್ಕದಲ್ಲಿ.

ಆಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್, ಆನ್ ಮ್ಯಾಕ್ಸ್‌ವೆಲ್ ಜೊತೆ ಮದುವೆ, ಅಲ್ಲಿ ಇಲ್ಲಿ ಕೆಲವು ವರ್ಷ, ಕೊನೆಗೆ ಡೆವನ್ ತೀರದ ಬ್ರಿಕ್ಸ್‌ಹ್ಯಾಮ್. ಬ್ರಿಕ್ಸ್‌ಹ್ಯಾಮ್ ಅಂದ್ರೆ ಬೋಟು, ಬಲೆ, ಮೀನಿನ ವಾಸನೆ. ಗಂಡಸರು ಸಮುದ್ರಕ್ಕೆ ಹೋದ್ರೆ ವಾಪಸ್ ಬರ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಅಂಥವರು ಭಾನುವಾರ ಚರ್ಚಿಗೆ ಬರೋದನ್ನೇ ಕಾಯ್ತಾ ಕೂರದೆ ಲೈಟ್ ಒಂದೊಂದು ಬೋಟಿಗೂ ಒಂದೊಂದು ಬೈಬಲ್ ಕೊಡಿಸಿದ್ರು, ನಡು ಸಮುದ್ರದಲ್ಲಿ ಓದ್ಕೊಳ್ಳೋಕೆ ಅಂತಲೇ ಪ್ರಾರ್ಥನೆಗಳನ್ನ ಬರೆದುಕೊಟ್ರು, ಮಕ್ಕಳಿಗೆ ದೊಡ್ಡ ಸಂಡೇ ಸ್ಕೂಲ್ ನಡೆಸಿದ್ರು. 1833ರಲ್ಲಿ ಗುಲಾಮಗಿರಿ ನಿಲ್ಲಿಸಿ ಅಂತ ಪಾರ್ಲಿಮೆಂಟಿಗೆ ಊರಿನವರ ಅರ್ಜಿ ಕಳಿಸೋಕೆ ಓಡಾಡಿದ್ದೂ ಇವರೇ. ಆಳಿದೋರ ಹಾಡು ಅನ್ನೋರು ಇದನ್ನೊಂದು ನೆನಪಿಟ್ಕೋಬೇಕು.

ಹಾಡಿನ ಹುಟ್ಟಿನ ಬಗ್ಗೆ ಎರಡು ಕಥೆ ಇವೆ. 1820ರಲ್ಲೇ ಐರ್ಲೆಂಡಿನಲ್ಲಿ ಸಾಯ್ತಿದ್ದ ಸ್ನೇಹಿತನನ್ನ ನೋಡಿ ಬಂದು ಬರೆದ್ರು ಅಂತ ಒಂದು, 1847ರಲ್ಲಿ ತಮ್ಮದೇ ಕೊನೆಗಾಲದಲ್ಲಿ ಬರೆದ್ರು ಅಂತ ಇನ್ನೊಂದು. ಆ ಸಾಲುಗಳನ್ನ ಓದಿದ್ರೆ ನನಗೆ ಎರಡನೇದೇ ನಿಜ ಅನ್ಸುತ್ತೆ. ಆ ಹೊತ್ತಿಗೆ ಅವರ ಎದೆ ಪೂರ್ತಿ ಹಾಳಾಗಿತ್ತು, ಚಳಿಗಾಲ ಬಂದ್ರೆ ಇಟಲಿ ಕಡೆ ಹೋಗದೆ ವಿಧಿ ಇರಲಿಲ್ಲ, ಚರ್ಚಲ್ಲಿ ಹಾಡ್ತಿದ್ದ ಹಲವರು ಬೇರೆ ಸಭೆ ಸೇರ್ಕೊಂಡು ಮನಸ್ಸಿಗೂ ನೋವಾಗಿತ್ತು. ಸೆಪ್ಟೆಂಬರಿನ ಒಂದು ಭಾನುವಾರ, ಇವತ್ತು ಚರ್ಚಲ್ಲಿ ನಾನೇ ಪ್ರಸಂಗ, ಅಂದ್ರೆ ಬೋಧನೆ, ಮಾಡ್ತೀನಿ ಅಂತ ಹೊರಟೇಬಿಟ್ರು. ಮನೆಯವರು ಬೇಡ ಬೇಡ ಅಂತ ಎಷ್ಟು ಬೇಡ್ಕೊಂಡ್ರೂ ಕೇಳಲಿಲ್ಲ, ತುಕ್ಕು ಹಿಡಿದು ಹೋಗೋದಕ್ಕಿಂತ ಸವೆದು ಹೋಗೋದು ಮೇಲು ಅನ್ನೋದು ಅವರು ಆಗಾಗ ಹೇಳ್ತಿದ್ದ ಮಾತಂತೆ. ಹೇಗೋ ಪ್ರಸಂಗ ಮುಗಿಸಿ, ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಟ್ಟು, ಸುಸ್ತಾಗಿ ಮನೆಗೆ ಬಂದು ಅವತ್ತು ಸಂಜೆ ಈ ಹಾಡಿನ ಹಾಳೆಯನ್ನ, ತಾವೇ ಹಾಕಿದ್ದ ರಾಗದ ಸಮೇತ, ಹತ್ತಿರದ ಸಂಬಂಧಿಯೊಬ್ಬರ ಕೈಗೆ ಕೊಟ್ರು ಅಂತ ಅವರ ಮಗಳೇ ಬರೆದಿದ್ದಾರೆ. ನವೆಂಬರ್ 20ಕ್ಕೆ, ಈಗ ಫ್ರಾನ್ಸಿನಲ್ಲಿರೋ ನೀಸ್‌ನಲ್ಲಿ ತೀರಿಕೊಂಡ್ರು, 54 ವರ್ಷ. ಮಣ್ಣು ಮಾಡಿದ್ದೂ ಅಲ್ಲೇ.

ಆ ಹಾಡಲ್ಲಿ ಯುದ್ಧ ಇಲ್ಲ, ರಾಜ ಇಲ್ಲ, ಧ್ವಜ ಇಲ್ಲ. ಬೈಬಲಿನ ಲೂಕನ ಸುವಾರ್ತೆಯಲ್ಲಿ ಎಮ್ಮಾಹು ಅನ್ನೋ ಊರಿನ ದಾರೀಲಿ ಹೋಗ್ತಿದ್ದ ಇಬ್ಬರು ಶಿಷ್ಯರು, ಜೊತೆಗೆ ನಡೆದು ಬಂದವನು ಯೇಸು ಅಂತ ಗೊತ್ತಿಲ್ದೇನೇ, ಹೊತ್ತು ಮುಳುಗ್ತಾ ಬಂತು ನಮ್ಮಲ್ಲೇ ಉಳ್ಕೋ ಅಂತ ಕರೀತಾರಲ್ಲ, ಆ ಮಾತನ್ನ ಹಿಡ್ಕೊಂಡು ಸಾಯೋ ಮನುಷ್ಯನೊಬ್ಬ ದೇವರಿಗೆ ಕತ್ತಲಾಗ್ತಿದೆ ನನ್ನ ಬಿಟ್ಟು ಹೋಗ್ಬೇಡ ಅಂತಾನೆ, ಅಷ್ಟೇ. ಲೈಟ್ ಹಾಕಿದ ರಾಗ ನಿಲ್ಲಲಿಲ್ಲ, 1861ರಲ್ಲಿ ವಿಲಿಯಂ ಹೆನ್ರಿ ಮಾಂಕ್ ಅನ್ನೋರು ಹಾಕಿದ ಈವನ್‌ಟೈಡ್ ಅನ್ನೋ ರಾಗ ನಿಂತುಬಿಡ್ತು. ಲೈಟ್ ಬರೆದ ಇನ್ನೊಂದು ಗೀತೆ, ಪ್ರೇಸ್ ಮೈ ಸೋಲ್ ದ ಕಿಂಗ್ ಆಫ್ ಹೆವನ್, ರಾಣಿ ಎಲಿಜಬೆತ್ ಮದುವೆಯಲ್ಲಿ ಹಾಡಿದ್ದು, ಆ ಮದುವೆ ನಡೆದಿದ್ದು 1947ರ ನವೆಂಬರ್ 20ಕ್ಕೆ, ಲೈಟ್ ತೀರಿಕೊಂಡು ಸರಿಯಾಗಿ ನೂರು ವರ್ಷಕ್ಕೆ.

ನಮ್ಮಲ್ಲಿ ಅಬೈಡ್ ವಿತ್ ಮಿ ಉಳಿದಿದ್ದು ಗಾಂಧೀಜಿಗೆ ಅದು ತುಂಬಾ ಇಷ್ಟ ಅನ್ನೋ ಕಾರಣಕ್ಕೆ. ಬೆಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚುಗಳಲ್ಲಿ ಇಂಗ್ಲಿಷ್ ಸರ್ವೀಸಿಗೆ ಹೋಗೋರಿಗೆ ಅದು ಸಾವಿನ ಮನೆಯ ಹಾಡು, ಮಿಕ್ಕ ನಮ್ಮಂಥೋರಿಗೆ ಪರಿಚಯ ಆಗಿದ್ದು ದೂರದರ್ಶನದಲ್ಲಿ. ವಿಜಯ್ ಚೌಕದಲ್ಲಿ ಬ್ಯಾಂಡು ಅದನ್ನ ನಿಧಾನಕ್ಕೆ ನುಡಿಸ್ತಿದ್ರೆ ದೂರದಿಂದ ಗಂಟೆಗಳು ಉತ್ತರ ಕೊಡ್ತಿದ್ವು, ಮುಗಿಯೋ ಹೊತ್ತಿಗೆ ಬಿಗಿಲು. 2020ರಲ್ಲೇ ತೆಗೀತಾರೆ ಅಂತ ಸುದ್ದಿಯಾಗಿ, ಗಲಾಟೆಯಾಗಿ ಉಳೀತು, 2022ರಲ್ಲಿ ತೆಗೆದೇಬಿಟ್ರು, ಆ ಜಾಗಕ್ಕೆ ಏ ಮೇರೆ ವತನ್ ಕೆ ಲೋಗೋ ಬಂತು. ಆ ಹಾಡಿನ ಬಗ್ಗೆ ನನಗೆ ಗೌರವ ಇದೆ, 1962ರಲ್ಲಿ ಸತ್ತ ನಮ್ಮ ಸೈನಿಕರ ಹಾಡು ಅದು, ಎರಡಕ್ಕೂ ಜಾಗ ಇತ್ತಲ್ಲ ಅನ್ನೋದೇ ನನ್ನ ನೋವು.

ಏನು ನುಡಿಸಬೇಕು ಅನ್ನೋದು ಸರ್ಕಾರಕ್ಕೆ ಬಿಟ್ಟಿದ್ದು. ನಿಮ್ಮ ಹತ್ರ ನಾನು ಕೇಳೋದು ಇಷ್ಟೇ, ಮುಂದಿನ ಸಲ ಈ ಸುದ್ದಿ ಹಾಕುವಾಗ ಬ್ರಿಟಿಷ್ ಮಿಲಿಟರಿ ಹಾಡು ಅನ್ನೋದನ್ನ ಬಿಡಿ, ಬರೆದವರ ಹೆಸರು ಹಾಕಿ, ಸಾಧ್ಯ ಆದ್ರೆ ಭಾನುವಾರದ ಪುರವಣಿಯಲ್ಲಿ ಲೈಟ್ ಬಗ್ಗೆ ಒಂದು ಪುಟ ಕೊಡಿ.

ಇಂತಿ,
ನಿಮ್ಮ ಖಾಯಂ ಓದುಗ
ಮೈಸೂರು