ಬಾಗಿಲಿಗೆ ಬೀಗ ಹಾಕುವುದೇ ಪುನರ್‌ರಚನೆಯೇ?

ಮಾನ್ಯ ಸಂಪಾದಕರೇ,

ವಿದೇಶಿ ಹಣದಿಂದ ನಡೆಯುವ ಸಂಸ್ಥೆಗಳ ಜಾಲವೊಂದು ನಮ್ಮ ಊರಿನಲ್ಲಿ ನಡೆಸುತ್ತಿದ್ದ ಕ್ಷಯರೋಗಿಗಳ ಸಹಾಯ ಕೇಂದ್ರದ ಬಗ್ಗೆ ಶನಿವಾರ ನೀವು ಪ್ರಕಟಿಸಿದ ವರದಿಯಲ್ಲಿ ‘ಜಾಲದ ಪಾತ್ರ ಮತ್ತು ಸ್ವರೂಪದ ಮರುಪರಿಶೀಲನೆ’ ಎಂಬ ಮಾತು ಮೂರು ಸಲ ಬಂದಿದೆ. ಆ ಮರುಪರಿಶೀಲನೆ ಎಂದರೇನೆಂದು ಸೋಮವಾರ ಬೆಳಿಗ್ಗೆ ಕಣ್ಣಾರೆ ಕಂಡೆ. ಕೇಂದ್ರದ ಬಾಗಿಲಿಗೆ ಬೀಗ, ಬೀಗದ ಮೇಲೊಂದು ಚೀಟಿ. ಅದೂ ಇಂಗ್ಲಿಷಿನಲ್ಲಿ! ಅಲ್ಲಿಗೆ ಬರುವವರಲ್ಲಿ ಕನ್ನಡವನ್ನೇ ಕೂಡಿಸಿಕೊಂಡು ಓದುವವರು ಎಷ್ಟು ಜನ ಎಂಬುದು ಅದನ್ನು ಅಂಟಿಸಿದವರಿಗೆ ಗೊತ್ತಿರಲಿಲ್ಲವೇ?

ನನ್ನ ಹೆಂಡತಿಯ ತಮ್ಮ ಅಕ್ಕಿ ಗಿರಣಿಯಲ್ಲಿ ಹಮಾಲಿ. ಔಷಧ ಆರಂಭಿಸಿ ಎರಡು ತಿಂಗಳು ತುಂಬಿತ್ತು. ಕಫವನ್ನು ಮತ್ತೆ ಪರೀಕ್ಷೆಗೆ ಕೊಡಬೇಕಿತ್ತು. ಇಲ್ಲಿಯವರೆಗೆ ಕೇಂದ್ರದ ಕಾರ್ಯಕರ್ತೆಯೇ ಮನೆಗೆ ಬಂದು ಡಬ್ಬಿ ಒಯ್ಯುತ್ತಿದ್ದರು. ಮೊದಲ ವಾರ ಇವನ ಮೂತ್ರ ಕೆಂಪಾಯಿತು. ರಕ್ತವೆಂದು ಹೆದರಿ, ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸಿಬಿಟ್ಟಿದ್ದ. ಅದು ರಿಫಾಂಪಿಸಿನ್ ಗುಳಿಗೆಯ ಬಣ್ಣ, ರಕ್ತವಲ್ಲ ಎಂದು ಅರ್ಧ ಗಂಟೆ ಕುಳಿತು ತಿಳಿಹೇಳಿ, ಎದುರಿಗೇ ನಿಂತು ನುಂಗಿಸಿದವರು ಆ ತಾಯಿ. ಈಗ ಅವರಿಗೂ ಕೆಲಸವಿಲ್ಲ.

ಬೀಗ ನೋಡಿ ಆಟೋ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋದೆವು. ಪ್ರಯೋಗಾಲಯದವರು ತರಬೇತಿಗೆ ಹೋಗಿದ್ದಾರೆ, ಗುರುವಾರ ಬನ್ನಿ ಎಂದರು. ನನ್ನ ಅಂಗಡಿ ಮುಚ್ಚಿತ್ತು, ಅವನ ಕೂಲಿ ಹೋಯಿತು, ಆಟೋಗೆ ಇನ್ನೂರೈವತ್ತು ರೂಪಾಯಿ ಖರ್ಚಾಯಿತು. ಗುರುವಾರ ಇನ್ನೊಮ್ಮೆ ಇದೇ ಪಾಡು. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ ಪೋಷಣ್ ಯೋಜನೆಯ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ ಸಾವಿರ ರೂಪಾಯಿಗೆ ಏರಿಸಿದ್ದಾರೆ. ಇವನ ಖಾತೆಗೆ ಒಂದು ರೂಪಾಯಿಯೂ ಬಂದಿಲ್ಲ. ಕೇಳಿದರೆ ಆಧಾರ್ ಜೋಡಣೆ ಎನ್ನುತ್ತಾರೆ, ಬ್ಯಾಂಕಿನವರು ಜೋಡಣೆಯಾಗಿದೆ ಎನ್ನುತ್ತಾರೆ. ಹಸಿದ ಹೊಟ್ಟೆಗೆ ಆ ಗುಳಿಗೆಗಳನ್ನು ನುಂಗಿ ನೋಡಿದವರು ಯಾರಾದರೂ ಆ ಕಚೇರಿಯಲ್ಲಿದ್ದಾರೆಯೇ?

ದೊಡ್ಡ ದೇಶಗಳು ಹಣ ಕಡಿತ ಮಾಡಿವೆ ಎಂಬುದು ನನಗೂ ಗೊತ್ತು. ಅಮೆರಿಕ 2025ರ ಜನವರಿಯಲ್ಲಿ ವಿದೇಶಿ ನೆರವನ್ನು ತಡೆಹಿಡಿಯಿತು. ಏಡ್ಸ್, ಕ್ಷಯ ಮತ್ತು ಮಲೇರಿಯಾ ವಿರುದ್ಧದ ಜಾಗತಿಕ ನಿಧಿ 1,800 ಕೋಟಿ ಡಾಲರ್ ಕೇಳಿದ್ದಕ್ಕೆ ಅದೇ ವರ್ಷದ ನವೆಂಬರ್‌ನಲ್ಲಿ ಸಿಕ್ಕ ವಾಗ್ದಾನ 1,134 ಕೋಟಿ. ಹಣ ಕಡಿಮೆಯಾದಾಗ ಮನೆ ಸರಿಪಡಿಸಿಕೊಳ್ಳಲೇಬೇಕು, ತಕರಾರಿಲ್ಲ. ಆದರೆ ನಮ್ಮ ಕೇಂದ್ರದ ಹಣ ದಾಟಿ ಬರುವ ದಾರಿ ನೋಡಿ: ವಿದೇಶದ ಮುಖ್ಯ ಕಚೇರಿ, ದೆಹಲಿಯ ಸಂಸ್ಥೆ, ಅದರ ಕೆಳಗೆ ರಾಜ್ಯದ ಸಂಸ್ಥೆ, ಅದರ ಕೆಳಗೆ ಜಿಲ್ಲೆಯದು, ಕೊನೆಗೆ ಡಬ್ಬಿ ಹೊರುವ ಹೆಂಗಸು. ಕತ್ತರಿ ಮೊದಲು ಬಿದ್ದಿದ್ದು ಆ ಕೊನೆಯವರ ಮೇಲೆಯೇ. ಜಾಗತಿಕ ಆರೋಗ್ಯ ಸಂಸ್ಥೆಗಳು ಆಯಾ ದೇಶದ ಪ್ರಾಥಮಿಕ ಆರೋಗ್ಯ ವ್ಯವಸ್ಥೆಯನ್ನು ಬಲಪಡಿಸಬೇಕು, ದೇಶಗಳೇ ಮುಂದೆ ನಿಲ್ಲಬೇಕು ಎಂದು 2023ರ ಡಿಸೆಂಬರ್‌ನಲ್ಲಿ ಹಣ ಕೊಡುವವರು, ಪಡೆಯುವ ದೇಶಗಳು ಸೇರಿ ರೂಪಿಸಿದ ಲುಸಾಕಾ ಕಾರ್ಯಸೂಚಿ ಹೇಳಿತ್ತು. ಒಳ್ಳೆಯ ಮಾತು. ಹಾಗಾದರೆ ಕೆಲಸವನ್ನು ಆರೋಗ್ಯ ಇಲಾಖೆಗೆ ಒಪ್ಪಿಸಿ ಹೋಗಬೇಕಿತ್ತು. ರೋಗಿಗಳ ಪಟ್ಟಿಯನ್ನಾದರೂ ಕೊಟ್ಟಿದ್ದಾರೆಯೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿದೆ. ಯಾವ ಪಟ್ಟಿ ಎಂದು ನನ್ನನ್ನೇ ಕೇಳಿದರು!

ನಮ್ಮ ಅಧಿಕಾರಿಗಳೇನು ಕಡಿಮೆಯೇ? 2025ಕ್ಕೆ ಕ್ಷಯಮುಕ್ತ ಭಾರತ ಎಂದು ಗೋಡೆ ಗೋಡೆಗೂ ಬರೆಸಿದರು. 2015ರಲ್ಲಿ ಲಕ್ಷ ಜನರಲ್ಲಿ ವರ್ಷಕ್ಕೆ 237 ಇದ್ದ ಹೊಸ ರೋಗಿಗಳು 2024ರ ಹೊತ್ತಿಗೆ 187ಕ್ಕೆ ಇಳಿದರು, ಅಷ್ಟೇ. 2024ರಲ್ಲಿ ಔಷಧದ ಕೊರತೆಯಾದಾಗ ಸ್ಥಳೀಯವಾಗಿ ಖರೀದಿಸಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಪತ್ರ ಬರೆಯಿತು, ನಮ್ಮ ಪಕ್ಕದ ಮನೆಯ ಅಜ್ಜಿ ಎರಡು ವಾರ ಬರಿಗೈಯಲ್ಲಿ ಮರಳುತ್ತಿದ್ದರು. ಇಂಥವರ ಕೈಗೆ ಕ್ಷಯರೋಗಿಯನ್ನು ಒಪ್ಪಿಸಬೇಕಾಗಿದೆ.

ಆ ಜಾಲದವರು ಮೊದಲು ಕೇಂದ್ರ ತೆರೆಯಲಿ, ಪಾತ್ರ, ಸ್ವರೂಪಗಳ ಚರ್ಚೆ ಆಮೇಲೆ ಮಾಡಿಕೊಳ್ಳಲಿ. ಇಲ್ಲವಾದರೆ ಸರ್ಕಾರವೇ ಆ ಕಾರ್ಯಕರ್ತೆಯರನ್ನು ಸೇರಿಸಿಕೊಂಡು ನಡೆಸಲಿ. ಯಾರು ಮಾಡುತ್ತಾರೋ ನನಗೆ ಬೇಕಿಲ್ಲ, ಯಾರಾದರೂ ಮಾಡಲಿ. ಗುರುವಾರ ನಾವು ಮತ್ತೆ ಡಬ್ಬಿ ಹಿಡಿದು ಹೋಗುತ್ತೇವೆ. ಅಂದಾದರೂ ಪ್ರಯೋಗಾಲಯದಲ್ಲಿ ಒಬ್ಬ ಮನುಷ್ಯನಿರಲಿ.

— ನೊಂದ ಓದುಗ, ಕೊಪ್ಪಳ ಜಿಲ್ಲೆ